ಹದಿನೇಳನೇ ಕಲಮು

ಸದನದ ಮಾತನ್ನೂ ಮೌನವನ್ನೂ ಒಂದೇ ಗಂಟೆ ಬಾರಿಸಿ ಆಳುವ, ಇಂದು ಆ ಗಂಟೆಯನ್ನು ಕಚೇರಿಯಲ್ಲೇ ಬಿಟ್ಟು ಬಂದು ನನ್ನಂಥವರಿಗೆ ಧೈರ್ಯ ತುಂಬಿರುವ ಪರಮ ಮಾನ್ಯ ಸಭಾಧ್ಯಕ್ಷರೇ. ಈ ಬೀಳ್ಕೊಡುಗೆ ಸಮಾರಂಭದ ಕೇಂದ್ರವೂ ತ್ರಿಜ್ಯವೂ ಪರಿಧಿಯೂ ತಾವೊಬ್ಬರೇ ಆಗಿರುವ, ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯ ನಿರ್ಗಮಿತ ಅಧ್ಯಕ್ಷೆ, ನಮ್ಮೆಲ್ಲರ ಡಾಕ್ಟರಮ್ಮನವರೇ. ವೇದಿಕೆಯ ಎಡತುದಿಯಲ್ಲಿ ಕುಳಿತು, ನಾನೇನು ಹೇಳಿಬಿಡುತ್ತೇನೋ ಎಂಬ ಭಯವನ್ನು ಅಂತರರಾಷ್ಟ್ರೀಯ ಮಟ್ಟದ ಮುಗುಳ್ನಗೆಯಿಂದ ಮುಚ್ಚಿಕೊಂಡಿರುವ ನಿವೃತ್ತ ವಿದೇಶಾಂಗ ಕಾರ್ಯದರ್ಶಿಗಳೇ. ವಿದೇಶಾಂಗ ಸಚಿವರಾದ್ದರಿಂದ ಸಹಜವಾಗಿಯೇ ವಿದೇಶದಲ್ಲಿರುವ ಮಾನ್ಯ ಸಚಿವರು ತಮ್ಮ ಬದಲಿಗೆ ಕಳುಹಿಸಿಕೊಟ್ಟಿರುವ ಹೂಗುಚ್ಛವೇ. ಸಮಿತಿಯ ಎಚ್ಚರವಾಗಿರುವ ಸದಸ್ಯರೇ, ಉಳಿದ ಸದಸ್ಯರೇ. ಗೋಡೆಗೆ ಒರಗಿ ನಿಂತಿರುವ ಪತ್ರಿಕಾ ಮಿತ್ರರೇ. ಉಪಾಹಾರದ ಕೂಪನ್ ಕೈಯಲ್ಲಿ ಹಿಡಿದು ಪ್ರಜಾಪ್ರಭುತ್ವದ ಮೇಲೆ ನಂಬಿಕೆ ಕಳೆದುಕೊಳ್ಳದೆ ಕುಳಿತಿರುವ ಸಭಿಕರೇ. ಮತ್ತು ಮೂರನೇ ಸಾಲಿನಲ್ಲಿ ಕುಳಿತು 'ಬೇಗ ಮುಗಿಸೋ' ಎಂದು ಈಗಾಗಲೇ ಕೈಸನ್ನೆ ಮಾಡುತ್ತಿರುವ ನನ್ನ ಸ್ವಂತ ಅಕ್ಕನೇ.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಅರ್ಧ ಈಗ ಖರ್ಚಾಯಿತು. ಆದರೆ ಸಂಬೋಧನೆ ಚಿಕ್ಕದಾದರೆ ಭಾಷಣಕಾರನನ್ನೂ ಚಿಕ್ಕವನೆಂದುಕೊಳ್ಳುತ್ತಾರೆ. ಸಮಿತಿಯ ಅತ್ಯಂತ ಕಿರಿಯ ಸದಸ್ಯನಾದ ನನಗೆ ಆ ಅಪಾಯ ಯಾವಾಗಲೂ ಇದ್ದೇ ಇದೆ. ನಾನು ಸಮಿತಿಯ ಕೊಠಡಿಗೆ ಮೊದಲ ದಿನ ಬಂದಾಗ ಬಾಗಿಲಲ್ಲಿದ್ದ ಮಾರ್ಷಲ್ 'ಸಾಹೇಬ್ರು ಇನ್ನೂ ಬಂದಿಲ್ಲ, ಕಡತ ನನ್ ಕೈಗೆ ಕೊಟ್ಟು ಹೋಗಪ್ಪ' ಎಂದಿದ್ದರು. ನಾನು ಕೊಟ್ಟು ಹೋಗಿಬಿಟ್ಟೆ. ಆ ದಿನದ ಸಭೆಗೆ ನನ್ನ ಗೈರುಹಾಜರಿ ದಾಖಲಾಗಿದೆ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಭಾಷಣದ ವಿಷಯವನ್ನು ಅಚ್ಚು ಮಾಡಿಸಿದ್ದಾರೆ: 'ವಿದೇಶಾಂಗ ನೀತಿಯ ಮೇಲ್ವಿಚಾರಣೆಯಲ್ಲಿ ಶಾಸಕಾಂಗ ಸಮಿತಿಯ ಪಾತ್ರ.' ಏನು ಆ ಪಾತ್ರ? ದೊಡ್ಡದೇ? ಚಿಕ್ಕದೇ? ಮಾತಿರುವ ಪಾತ್ರವೇ, ಬರೀ ಈಟಿ ಹಿಡಿದು ನಿಲ್ಲುವ ಪಾತ್ರವೇ? ಸಭಿಕರೇ, ನಾನು ಸರಳವಾಗಿ ಹೇಳುತ್ತೇನೆ. ಸರ್ಕಾರ ಅಡುಗೆ ಮಾಡುತ್ತದೆ. ಸಮಿತಿ ಉಪ್ಪು ನೋಡುತ್ತದೆ. ಉಪ್ಪು ಹಾಕುವ ಅಧಿಕಾರ ಸಮಿತಿಗಿಲ್ಲ. ಉಪ್ಪು ಕಡಿಮೆಯಿದೆ ಎಂದು ವರದಿ ಬರೆಯುವ ಅಧಿಕಾರವಿದೆ. ಆ ವರದಿ ಸದನದ ಮುಂದೆ ಬರುತ್ತದೆ. ಅಷ್ಟರಲ್ಲಿ ಊಟ ಮುಗಿದು, ಎಲೆ ಎತ್ತಿ, ಎಲ್ಲರೂ ಕೈ ತೊಳೆದಿರುತ್ತಾರೆ. ಆಗ ಸರ್ಕಾರ ಬಹಳ ಗೌರವದಿಂದ ಒಂದೇ ಒಂದು ಪದದ ಉತ್ತರ ಕಳುಹಿಸುತ್ತದೆ: 'ಗಮನಿಸಲಾಗಿದೆ.'

ಹಾಗಾದರೆ ಸಮಿತಿಯ ಕೈಯಲ್ಲಿ ಏನೂ ಇಲ್ಲವೇ? ಇದೆ. ಒಂದೇ ಒಂದು ಇದೆ. ಬೇರೆ ದೇಶದ ಜೊತೆ ಮಾಡಿಕೊಂಡ ಯಾವ ಒಪ್ಪಂದವೂ ಸಮಿತಿಯ ವರದಿ ಬರುವವರೆಗೆ ಸದನದಲ್ಲಿ ಮತಕ್ಕೆ ಬರುವಂತಿಲ್ಲ. ವರದಿಯಲ್ಲಿ ಏನಿದ್ದರೂ ನಡೆಯುತ್ತದೆ, ವರದಿ ಮಾತ್ರ ಇರಬೇಕು. ಮದುವೆ ಮನೆಯಲ್ಲಿ ಸೋದರಮಾವನಿಗೆ ಇರುವಂಥ ಅಧಿಕಾರ. ಅವನ ಅಭಿಪ್ರಾಯ ಯಾರಿಗೂ ಬೇಡ. ಆದರೆ ಅವನು ಬಂದು ನಿಲ್ಲದೆ ಮುಂದಿನ ಶಾಸ್ತ್ರ ಆಗುವುದಿಲ್ಲ.

ನಾನು ಈ ಸಮಿತಿಗೆ ಹೇಗೆ ಬಂದೆ ಎಂಬುದೂ ಒಂದು ಕಥೆ. ನನಗೆ ವಿದೇಶಾಂಗ ನೀತಿಯಲ್ಲಿ ವಿಶೇಷ ಪರಿಣತಿ ಇತ್ತೆಂದು ತಾವು ಭಾವಿಸಿದ್ದರೆ ಆ ಭಾವನೆಯನ್ನು ನಾನು ಗಮನಿಸಿದ್ದೇನೆ. ನಿಜವಾಗಿ ನಡೆದದ್ದೆಂದರೆ, ಕ್ಯಾಂಟೀನಿನಲ್ಲಿ ನಾನು ನಮ್ಮ ಪಕ್ಷದ ಮುಖ್ಯ ಸಚೇತಕರ ನಡಿಗೆಯನ್ನು ಅಣಕಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಸಚೇತಕರು ನನ್ನ ಹಿಂದೆ ನಿಂತಿದ್ದರು. ಅವರು ಬೈಯಲಿಲ್ಲ. 'ಇವನನ್ನ ಬಾಗಿಲು ಮುಚ್ಚಿ ಸಭೆ ಮಾಡೋ ಕಡೆ ಎಲ್ಲಾದ್ರೂ ಹಾಕಿ' ಎಂದರು. ಬಾಗಿಲು ಮುಚ್ಚಿ ಸಭೆ ಮಾಡುವ ಸಮಿತಿ ನಮ್ಮಲ್ಲಿ ಇದೊಂದೇ.

ಆ ಕೊಠಡಿಯನ್ನು ತಾವು ನೋಡಿಲ್ಲ. ಮೊಟ್ಟೆಯಾಕಾರದ ಮೇಜು. ಪ್ರತಿ ಕುರ್ಚಿಯ ಮುಂದೆ ಒಂದು ಮೈಕು, ಗುಂಡಿ ಒತ್ತಿದರೆ ಕೆಂಪು ದೀಪ. ಗುಟ್ಟು ಹೊರಗೆ ಹೋಗದಿರಲೆಂದು ಎರಡು ಪದರದ ಪರದೆ. ಗೋಡೆಯ ತುಂಬ ಪ್ರಪಂಚದ ಭೂಪಟ. ಅದನ್ನು ಎಷ್ಟೋ ವರ್ಷ ಮಡಚಿಟ್ಟಿದ್ದರಿಂದ ನಮ್ಮ ದೇಶ ಸರಿಯಾಗಿ ಮಡಿಕೆಯ ಮೇಲೆ ಬಂದು ಸವೆದುಹೋಗಿದೆ. ವಿದೇಶಾಂಗ ನೀತಿ ಚರ್ಚಿಸುವ ಕೊಠಡಿಯಲ್ಲಿ ಎಲ್ಲ ದೇಶಗಳೂ ಕಾಣುತ್ತವೆ, ನಮ್ಮದೊಂದನ್ನು ಬಿಟ್ಟು. ಇದನ್ನು ನಾನು ವಿಮರ್ಶೆಯಾಗಿ ಹೇಳುತ್ತಿಲ್ಲ. ಭೂಪಟದ ಸ್ಥಿತಿ ಹೇಳಿದೆ, ಅಷ್ಟೇ.

ಆ ಮೇಜಿನ ತಲೆಗೆ ಕೂರುತ್ತಿದ್ದವರು ಡಾಕ್ಟರಮ್ಮ. ರಾಜಕೀಯಕ್ಕೆ ಬರುವ ಮೊದಲು ಅವರು ಹಲ್ಲಿನ ಡಾಕ್ಟರು. ಇದು ತಮಗೆಲ್ಲ ಗೊತ್ತು. ಆದರೆ ಇದು ಎಷ್ಟು ಒಳ್ಳೆಯ ತರಬೇತಿ ಎಂದು ಯಾರಾದರೂ ಯೋಚಿಸಿದ್ದೀರಾ? ಸಮಿತಿಯ ಕೆಲಸವೇನು? ಬಾಯಿ ಬಿಡದವರ ಬಾಯಿ ಬಿಡಿಸುವುದು. ಬಿಟ್ಟ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದು. ಒಳಗೆ ದೀಪ ಹಾಕಿ ನೋಡಿ, ಎಲ್ಲಿ ಹುಳುಕಿದೆಯೋ ಅಲ್ಲಿ ಮೆಲ್ಲಗೆ ತಟ್ಟಿ, 'ಇಲ್ಲಿ ನೋವಾಗತ್ತಾ?' ಎಂದು ಪ್ರೀತಿಯಿಂದ ಕೇಳುವುದು. ಎಷ್ಟು ದೊಡ್ಡ ಅಧಿಕಾರಿಯೇ ಬರಲಿ, ಡಾಕ್ಟರಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: 'ಆರಾಮಾಗಿ ಕೂತಿದ್ದೀರಾ?' ಆ ಪ್ರಶ್ನೆ ಕೇಳಿದ ಮೇಲೆ ಯಾರೂ ಆರಾಮಾಗಿ ಕೂತದ್ದನ್ನು ನಾನು ನೋಡಿಲ್ಲ.

ನನ್ನ ಎರಡನೇ ಸಭೆಯಲ್ಲಿ ಇಬ್ಬರು ಹಿರಿಯ ಸದಸ್ಯರ ಹೆಸರಿನ ಫಲಕಗಳನ್ನು ಅದಲು ಬದಲು ಮಾಡಿದೆ. ಅವರು ಒಬ್ಬರನ್ನೊಬ್ಬರು ಕಂಡರೆ ಆಗದವರು. ಫಲಕ ನೋಡಿ ಕುಳಿತರು, ಫಲಕದ ಪ್ರಕಾರವೇ ಕಾರ್ಯದರ್ಶಿಗಳು ಅವರನ್ನು ಹೆಸರು ಹಿಡಿದು ಕರೆದರು, ಫಲಕದ ಪ್ರಕಾರವೇ ಇವರು ಉತ್ತರ ಪಡೆದರು. ಸಭೆ ಮುಗಿಯುವವರೆಗೆ ಯಾರಿಗೂ ಏನೂ ವ್ಯತ್ಯಾಸ ಅನ್ನಿಸಲಿಲ್ಲ. ಹೊರಗೆ ಬರುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಫಲಕ ಬದಲಾಯಿಸಿದ್ದು ಯಾರು ಎಂದು ತಾವು ಕೇಳುವುದಿಲ್ಲವೆಂದರು. ಆಮೇಲೆ ಹೇಳಿದರು:

'ಮುಂದಿನ ಸಲ ನನ್ ಫಲಕಾನೂ ಬದಲಾಯಿಸಪ್ಪ. ಒಂದು ದಿನ ಆ ಕೊನೇ ಕುರ್ಚೀಲಿ ಕೂತು ನಾನೂ ನಿದ್ದೆ ಮಾಡ್ತೀನಿ.'

ಅಂದಿನಿಂದ ನಾನು ಅವರ ಭಕ್ತ.

ಈಗ ಮುಖ್ಯ ವಿಷಯ. ಹದಿನೇಳನೇ ಕಲಮು. ಸಮಿತಿಯ ಕಲಾಪ ಗುಟ್ಟಾದರೂ, ವರದಿ ಸದನದ ಮುಂದೆ ಬಂದ ಮೇಲೆ ಅದು ಗುಟ್ಟಲ್ಲ ಎಂದು ಸಭಾಧ್ಯಕ್ಷರು ನಿರ್ಣಯ ಕೊಟ್ಟಿದ್ದಾರೆ. ನಿವೃತ್ತ ಕಾರ್ಯದರ್ಶಿಗಳ ಅನುಮತಿಯನ್ನೂ ಪಡೆದಿದ್ದೇನೆ. ಅವರದು ಒಂದೇ ಷರತ್ತು: ಅಂದು ಅವರು ಹಾಕಿಕೊಂಡಿದ್ದ ಕೋಟು ಬಹಳ ಚೆನ್ನಾಗಿತ್ತು ಎಂದು ಹೇಳಬೇಕು. ಕೋಟು ಬಹಳ ಚೆನ್ನಾಗಿತ್ತು.

ನಮ್ಮೂರ ನದಿಯ ಆಚೆ ಇರುವುದು ಪಕ್ಕದ ದೇಶ. ನದಿಯ ಮೇಲೆ ಹಳೆಯ ಸೇತುವೆ. ನನ್ನ ಅಕ್ಕನನ್ನು ಆ ದಡಕ್ಕೆ ಕೊಟ್ಟಿದ್ದೇವೆ. ಕೊಟ್ಟಿದ್ದೇವೆ ಎನ್ನುವುದು ಮಾತಿಗೆ. ಅವಳೇ ನಮ್ಮ ಭಾವನನ್ನು ನೋಡಿ, ಒಪ್ಪಿ, ಮನೆಗೆ ಬಂದು ದಿನಾಂಕ ಮಾತ್ರ ಹೇಳಿದ್ದಳು. ಭಾವನ ಮನೆ ಆ ದಡ, ಅಕ್ಕನ ಕೂದಲು ಕತ್ತರಿಸುವ ಅಂಗಡಿ ಈ ದಡ. ಬೆಳಿಗ್ಗೆ ಸೇತುವೆ ದಾಟಿ ಈಚೆ ಬರುತ್ತಾಳೆ, ಸಂಜೆ ದಾಟಿ ಆಚೆ ಹೋಗುತ್ತಾಳೆ. ಹೋಗುವಾಗ ಬರುವಾಗ ಸುಂಕದ ಕಟ್ಟೆಯ ಕಾವಲುಗಾರರು ಅವಳ ಚೀಲ ತೆರೆಸಿ ಕತ್ತರಿ ಎಣಿಸುತ್ತಾರೆ. ಅವರ ಕೂದಲೂ ಅವಳೇ ಕತ್ತರಿಸುವುದರಿಂದ ತುಂಬ ಹೊತ್ತು ಎಣಿಸುವುದಿಲ್ಲ.

ನಮ್ಮ ಸರ್ಕಾರ ಪಕ್ಕದ ದೇಶದ ಜೊತೆ ಆ ಸೇತುವೆಯ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡಿತು. ವ್ಯಾಪಾರ ಹೆಚ್ಚಬೇಕು, ಲಾರಿಗಳು ಓಡಬೇಕು, ಇತ್ಯಾದಿ. ಅದರ ಒಂಬತ್ತನೇ ಕಲಮಿನಲ್ಲಿ 'ಸದರಿ ಸೇತುವೆಯನ್ನು ಸರಕು ಸಾಗಣೆಗೆ ಮಾತ್ರ ಮೀಸಲಿಡತಕ್ಕದ್ದು' ಎಂಬ ಒಂದು ಸಾಲಿತ್ತು. ಕಾಲ್ನಡಿಗೆಯವರು ದೂರದ ಹೊಸ ಸೇತುವೆಗೆ ಬಸ್ಸಿನಲ್ಲಿ ಸುತ್ತಿ ಹೋಗಬೇಕು. ಹೋಗುವುದರಲ್ಲೇ ಅರ್ಧ ದಿನ, ಬರುವುದರಲ್ಲಿ ಇನ್ನರ್ಧ. ಈ ವಿಷಯ ನನಗೆ ಸಮಿತಿಯಿಂದ ಗೊತ್ತಾಗಲಿಲ್ಲ. ಒಪ್ಪಂದಕ್ಕೆ ಸದನದ ಒಪ್ಪಿಗೆ ಸಿಗುವ ಮೊದಲೇ ಉತ್ಸಾಹಿಗಳು ಯಾರೋ ಸೇತುವೆಯ ಬಾಯಲ್ಲಿ ಬೋರ್ಡು ನೆಟ್ಟುಬಿಟ್ಟಿದ್ದರು. ಅಕ್ಕ ಅದನ್ನು ಓದಿ, ಕಲಮಿನ ಸಂಖ್ಯೆ ಸಮೇತ ನನಗೆ ಫೋನು ಮಾಡಿದಳು.

'ನಿಮ್ದು ಅದೇನೋ ಸಮಿತಿ ಅಂತಿದ್ಯಲ್ಲ, ಏನ್ ಮಾಡ್ತೀರೋ ಅಲ್ಲಿ?' ಎಂದಳು.

'ವಿದೇಶಾಂಗ ನೀತಿಯ ಮೇಲ್ವಿಚಾರಣೆ ಮಾಡ್ತೀವಿ ಅಕ್ಕ' ಎಂದೆ.

'ಹಾಗಂದ್ರೆ?'

'ನೋಡ್ತೀವಿ.'

'ಆಯ್ತು, ನೀವು ಅಲ್ಲಿ ಕೂತ್ಕೊಂಡು ನೋಡಿ. ನಾನು ದಡದಲ್ಲಿ ನಿಂತ್ಕೊಂಡು ನನ್ ಅಂಗಡೀನ ನೋಡ್ತೀನಿ' ಎಂದು ಫೋನು ಇಟ್ಟಳು.

ಸಭಿಕರೇ, ನಾನು ಬಾಲ್ಯದಿಂದ ಅಕ್ಕನ ಕೈಯಲ್ಲಿ ಬೈಸಿಕೊಂಡಿದ್ದೇನೆ, ಹೊಡೆಸಿಕೊಂಡಿದ್ದೇನೆ, ಒಂದು ಸಲ ಹಬೆಯಾಡುವ ಇಸ್ತ್ರಿಪೆಟ್ಟಿಗೆ ಹಿಡಿದ ಅವಳಿಂದ ಇಡೀ ಬೀದಿ ಅಟ್ಟಿಸಿಕೊಂಡಿದ್ದೇನೆ. ಯಾವುದೂ ಆ ಒಂದು ಮಾತಿನಷ್ಟು ನೋಯಿಸಿರಲಿಲ್ಲ. ಅಂಗಡಿ ಬಿಡಬೇಕು, ಇಲ್ಲವೇ ಮನೆ ಬಿಡಬೇಕು. ಇದು ಅವಳ ಮುಂದಿದ್ದ ವಿದೇಶಾಂಗ ನೀತಿ.

ಮುಂದಿನ ಸಭೆಯಲ್ಲೇ ನಾನು ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಒಂಬತ್ತನೇ ಕಲಮಿನಿಂದ ನಡೆದು ಹೋಗುವ ಜನರಿಗೆ ಆಗುವ ತೊಂದರೆಯನ್ನು ಎಂದೂ ಇಲ್ಲದ ಗಾಂಭೀರ್ಯದಿಂದ ವಿವರಿಸಿದೆ. ತಮಾಷೆ ಒಂದೂ ಇರಲಿಲ್ಲ. ಕಾರ್ಯದರ್ಶಿಗಳು ತಲೆಬಾಗಿಸಿ ಕೇಳಿದರು. ಮಾನ್ಯ ಸದಸ್ಯರ ಕಳಕಳಿ ಹೃದಯಸ್ಪರ್ಶಿಯಾಗಿದೆ ಎಂದರು. ಕೊನೆಗೆ ಹೇಳಿದರು: 'ಗಮನಿಸಲಾಗಿದೆ.'

ನಮ್ಮ ಸಮಿತಿಯಲ್ಲಿ ಒಂದು ಪದ್ಧತಿಯಿದೆ. ಯಾರು ಯಾವಾಗ ಮಾಡಿದರೋ ತಿಳಿಯದು, ಆದರೆ ಯಾವ ನಿಯಮಕ್ಕಿಂತಲೂ ಗಟ್ಟಿ. ಒಮ್ಮೆ 'ಗಮನಿಸಲಾದ' ವಿಷಯವನ್ನು ಅದೇ ಒಪ್ಪಂದದ ಚರ್ಚೆಯಲ್ಲಿ ಮತ್ತೆ ಎತ್ತುವಂತಿಲ್ಲ. ಗಮನಿಸಿದ ಮೇಲೆ ಇನ್ನೇನು ಎಂಬುದು ವಾದ. ಹೀಗೆ ಒಂಬತ್ತನೇ ಕಲಮು ಶಾಂತವಾಗಿ ಸತ್ತುಹೋಯಿತು. ಉಳಿದದ್ದು ಒಂದೇ ಸಭೆ. ಅದಾದ ಮೇಲೆ ವರದಿ, ವರದಿಯಾದ ಮೇಲೆ ಮತದಾನ, ಮತದಾನವಾದ ಮೇಲೆ ಸೇತುವೆಗೆ ಗೇಟು.

ಆ ಕೊನೆಯ ಸಭೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರ್ಯದರ್ಶಿಗಳು ಮೊದಲು ಪರದೆಯ ಮೇಲೆ ಚಿತ್ರ ತೋರಿಸಿದರು: ಲಾರಿ, ಬಾಣದ ಗುರುತು, ಮತ್ತೆ ಲಾರಿ. ಆಮೇಲೆ ಒಬ್ಬೊಬ್ಬ ಸದಸ್ಯರಿಗೂ ಒಂದೊಂದು ಪ್ರಶ್ನೆ, ಕುರ್ಚಿಯ ಸಾಲಿನಂತೆ. ನನ್ನದು ಕೊನೆಯ ಕುರ್ಚಿ. ನನ್ನ ಸರದಿ ಬಂದಾಗ ಎಲ್ಲರೂ ಮುಂದಿನ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ನಾನು ಮೈಕು ಹತ್ತಿರಕ್ಕೆಳೆದು, ಗಂಟಲು ಸರಿಮಾಡಿಕೊಂಡು ಕೇಳಿದೆ: ಒಪ್ಪಂದದ ಹದಿನೇಳನೇ ಕಲಮಿನ ಬಗ್ಗೆ ಸರ್ಕಾರದ ನಿಲುವೇನು?

ಒಪ್ಪಂದದಲ್ಲಿ ಇದ್ದದ್ದು ಹದಿನಾರೇ ಕಲಮು.

ಇದನ್ನು ಈಗ ಕೇಳಿ ತಾವು ನಗುತ್ತಿದ್ದೀರಿ. ಅಂದು ಆ ಕೊಠಡಿಯಲ್ಲಿ ಒಬ್ಬರೂ ನಗಲಿಲ್ಲ. ಕಾರ್ಯದರ್ಶಿಗಳು ಕೋಟಿನ ಗುಂಡಿ ಹಾಕಿಕೊಂಡರು. ಬಹಳ ಚೆನ್ನಾದ ಕೋಟು. ಹದಿನೇಳನೇ ಕಲಮು ಉಭಯ ದೇಶಗಳ ಸುದೀರ್ಘ ಸಮಾಲೋಚನೆಯ ಫಲವೆಂದರು. ಪರಸ್ಪರ ಗೌರವ ಮತ್ತು ಹಿತಗಳ ತಳಹದಿಯ ಮೇಲೆ ನಿಂತಿದೆಯೆಂದರು. ವಿಷಯ ಸೂಕ್ಷ್ಮವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳುವುದು ಸೂಕ್ತವಲ್ಲವೆಂದರು. ಎದುರು ಸಾಲಿನ ಹಿರಿಯ ಸದಸ್ಯರೊಬ್ಬರು ಜೋರಾಗಿ ತಲೆಯಾಡಿಸಿ, ತಮ್ಮ ದೃಷ್ಟಿಯಲ್ಲಿ ಇಡೀ ಒಪ್ಪಂದದ ಜೀವಾಳವೇ ಹದಿನೇಳನೇ ಕಲಮು ಎಂದರು. ಇನ್ನೊಬ್ಬರು, ಆ ಕಲಮಿನ ಭಾಷೆ ಮಾತ್ರ ಸ್ವಲ್ಪ ಕ್ಲಿಷ್ಟವಾಗಿದೆ ಎಂದು ವಿನಯದಿಂದ ಅಭಿಪ್ರಾಯಪಟ್ಟರು.

ಡಾಕ್ಟರಮ್ಮ ಕನ್ನಡಕ ತೆಗೆದರು. ನನ್ನನ್ನೊಮ್ಮೆ ನೋಡಿದರು. ಕಾರ್ಯದರ್ಶಿಗಳನ್ನೊಮ್ಮೆ ನೋಡಿದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅವರ ಆ ಮೃದುವಾದ ದನಿ ಬಂತು, ಸೂಜಿ ಚುಚ್ಚುವುದಕ್ಕೆ ಮುಂಚೆ ಬರುತ್ತದಲ್ಲ, ಆ ದನಿ.

'ಈ ಕಲಮನ್ನ ಆ ಕಡೆಯವ್ರ ಕೈಲಿ ಒಪ್ಪಿಸೋಕೆ ಕಷ್ಟ ಆಯ್ತಾ?'

'ಬಹಳ ಕಷ್ಟ ಆಯ್ತು, ಮಾನ್ಯ ಅಧ್ಯಕ್ಷರೇ. ಮೂರು ಸುತ್ತು ಮಾತುಕತೆ.'

'ಪಟ್ಟು ಹಿಡಿದ್ರಾ ಅವ್ರು?'

'ಹಿಡಿದ್ರು.'

'ಕೊನೆಗೆ?'

'ಕೊನೆಗೆ ನಮ್ಮ ನಿಲುವೇ ಗೆದ್ದಿತು.'

'ಬಹಳ ಸಂತೋಷ. ಇಷ್ಟನ್ನೂ ಅಕ್ಷರಶಃ ದಾಖಲು ಮಾಡ್ಕೊಳ್ಳಿ' ಎಂದು ಬರೆದುಕೊಳ್ಳುವವರಿಗೆ ಹೇಳಿದರು. ಇಷ್ಟು ಕಷ್ಟಪಟ್ಟು ಗೆದ್ದ ಕಲಮನ್ನು ಸಮಿತಿ ವರದಿಯಲ್ಲಿ ವಿಶೇಷವಾಗಿ ಶ್ಲಾಘಿಸಲು ಬಯಸುತ್ತದೆ, ಆದ್ದರಿಂದ ಅದರ ಪೂರ್ಣ ಪಾಠವನ್ನು ನಾಳೆ ಬೆಳಿಗ್ಗೆ ಸಮಿತಿಯ ಮುಂದಿಡಬೇಕು, ಅಲ್ಲಿಯವರೆಗೆ ವರದಿ ಇಲ್ಲ ಎಂದು ಆದೇಶಿಸಿ ಸಭೆ ಮುಗಿಸಿದರು.

ಆ ಸಂಜೆಯೇ ಕಾರ್ಯದರ್ಶಿಗಳು ಡಾಕ್ಟರಮ್ಮನವರ ಕೊಠಡಿಗೆ ಬಂದರು. ಡಾಕ್ಟರಮ್ಮ ನನ್ನನ್ನೂ ಕರೆಸಿ ಮೂಲೆಯಲ್ಲಿ ಕೂರಿಸಿದ್ದರು. ಕಾರ್ಯದರ್ಶಿಗಳು ನೀರು ಕುಡಿದರು. ಒಂದು ಸಣ್ಣ ತಾಂತ್ರಿಕ ತೊಡಕು ಎದುರಾಗಿದೆ ಎಂದರು. ಹದಿನೇಳನೇ ಕಲಮು ಇನ್ನೂ ಬರವಣಿಗೆಯ ರೂಪಕ್ಕೆ ಬಂದಂತೆ ತೋರುವುದಿಲ್ಲ ಎಂದರು. ಸಭಿಕರೇ, ಒಂದು ವಸ್ತು ಇಲ್ಲ ಎನ್ನುವುದನ್ನು ಇದಕ್ಕಿಂತ ಗೌರವಯುತವಾಗಿ ಹೇಳಲು ಸಾಧ್ಯವೇ? ನಾನು ಅಂದಿನಿಂದ ನಮ್ಮ ರಾಜತಾಂತ್ರಿಕರ ಅಭಿಮಾನಿ.

ಡಾಕ್ಟರಮ್ಮ ಗದರಲಿಲ್ಲ. ಸಮಿತಿಯ ಮುಂದೆ ಇಲ್ಲದ್ದನ್ನು ಇದೆ ಎಂದು ಹೇಳಿದರೆ ಹಕ್ಕುಚ್ಯುತಿ ಎಂದು ನೆನಪಿಸಿದರು, ಅಷ್ಟೇ. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳಿದರು:

'ಎರಡೇ ದಾರಿ. ಕೀಳೋದಾ, ತುಂಬೋದಾ?'

ಕಾರ್ಯದರ್ಶಿಗಳಿಗೆ ಅರ್ಥವಾಗಲಿಲ್ಲ. ಡಾಕ್ಟರಮ್ಮ ವಿವರಿಸಿದರು. ಕೀಳುವುದೆಂದರೆ ಅವರು ಸದನದ ಮುಂದೆ ಬಂದು, ತಾವು ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಿ, ಕ್ಷಮೆ ಕೇಳುವುದು. ತುಂಬುವುದೆಂದರೆ, ತೂತು ಇರುವಲ್ಲಿ ಕಲಮು ಬರುವುದು.

'ತುಂಬೋಣ ಮೇಡಂ' ಎಂದರು ಕಾರ್ಯದರ್ಶಿಗಳು.

'ಅದ್ರಲ್ಲಿ ಏನೋ ನಡ್ಕೊಂಡು ಹೋಗೋವ್ರ ವಿಷಯ ಇತ್ತು ಅನ್ಸತ್ತೆ. ನೀವು ಮರ್ತಿರ್ಬೇಕು.'

ಕಾರ್ಯದರ್ಶಿಗಳು ಡಾಕ್ಟರಮ್ಮನವರ ಮುಖ ನೋಡಿದರು. ಮೂಲೆಯಲ್ಲಿದ್ದ ನನ್ನ ಮುಖ ನೋಡಿದರು. 'ಇತ್ತು ಮೇಡಂ. ಈಗ ನೆನಪಾಯ್ತು' ಎಂದರು.

ಸಮಿತಿ ಕಲಮು ಬರೆಯಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಆ ಅಧಿಕಾರ ನಮಗಿಲ್ಲ. ಅಧ್ಯಕ್ಷರು ಒಬ್ಬ ಅಧಿಕಾರಿಯ ಜ್ಞಾಪಕಶಕ್ತಿಗೆ ಸಹಾಯ ಮಾಡಿದರು, ಅಷ್ಟೇ. ಅವರು ಹೋದ ಮೇಲೆ ನಾನು ಕೇಳಿದೆ, ಇವರನ್ನು ಎಲ್ಲರ ಮುಂದೆ ಬಯಲಿಗೆಳೆಯಬಹುದಿತ್ತಲ್ಲ ಎಂದು. ಬಯಲಿಗೆಳೆದರೆ ನಾಳೆ ಇನ್ನೊಬ್ಬ ಕಾರ್ಯದರ್ಶಿ ಬರುತ್ತಾನೆ, ಒಂಬತ್ತನೇ ಕಲಮು ಹಾಗೇ ಇರುತ್ತದೆ ಎಂದರು. 'ಪತ್ರಿಕೇಲಿ ನಿನ್ ಫೋಟೋ ಬರತ್ತೆ. ನಿಮ್ಮಕ್ಕ ಬಸ್ಸಲ್ಲಿ ಕೂತು ಅದನ್ನ ನೋಡ್ತಾಳೆ.' ನಾನು ಅಕ್ಕನ ವಿಷಯವನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತೆಂದು ಇವತ್ತಿಗೂ ಕೇಳಿಲ್ಲ.

ಇನ್ನು ನದಿಯಾಚೆ ಏನಾಯಿತೆಂಬುದು ಇನ್ನೂ ಸೊಗಸು. ನಮ್ಮವರು ಹದಿನೇಳನೇ ಕಲಮಿನಲ್ಲಿ ಗೆದ್ದರೆಂಬ ಸುದ್ದಿ, ಎರಡು ಪದರದ ಪರದೆಯನ್ನೂ ದಾಟಿ, ಮರುದಿನವೇ ಆ ದಡ ಮುಟ್ಟಿತು. ಅಲ್ಲಿಯೂ ನಮ್ಮಂಥದೇ ಒಂದು ಸಮಿತಿಯಿದೆ. ಅವರು ತಮ್ಮ ಮಂತ್ರಿಯನ್ನು ಕರೆದು, ಹದಿನೇಳನೇ ಕಲಮಿನಲ್ಲಿ ಸೋತದ್ದೇಕೆಂದು ಕೇಳಿದರು. ಆ ಮಂತ್ರಿ ಕೆರಳಿ, ಸೋತವರು ನಾವಲ್ಲ, ಹದಿನೇಳನೇ ಕಲಮು ತಮ್ಮ ಜೀವಮಾನದ ರಾಜತಾಂತ್ರಿಕ ವಿಜಯ ಎಂದು ಘೋಷಿಸಿದರಂತೆ. ಈಗ ಎರಡೂ ದೇಶಗಳು ಗೆದ್ದ ಕಲಮು. ಎರಡೂ ಕಡೆ ಬರೆದಿಲ್ಲದ ಕಲಮು. ಕೊನೆಗೆ ಇಬ್ಬರೂ ಸೇರಿ ಬರೆಯಲು ಕುಳಿತಾಗ ಯಾರಿಗೂ ಆಕ್ಷೇಪಣೆ ಎತ್ತುವ ಧೈರ್ಯ ಇರಲಿಲ್ಲ; ತಾನೇ ಗೆದ್ದ ಕಲಮಿಗೆ ಯಾರು ತಾನೇ ತಕರಾರು ತೆಗೆಯುತ್ತಾರೆ? ಹೀಗೆ ಆ ಸಾಲು ಬಂತು. ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ: 'ಒಂಬತ್ತನೇ ಕಲಮಿನಲ್ಲಿ ಏನೇ ಹೇಳಿದ್ದರೂ, ಕಾಲಿನಿಂದ ನಡೆದು ಬರುವ ಯಾವ ವ್ಯಕ್ತಿಯನ್ನೂ ಸದರಿ ಸೇತುವೆಯ ಮೇಲೆ ತಡೆಯತಕ್ಕದ್ದಲ್ಲ.' ಹಾಗಾದರೆ ಗಾಲಿಕುರ್ಚಿಯವರ ಗತಿಯೇನೆಂದು ಕಾನೂನು ಇಲಾಖೆಯ ಒಬ್ಬ ಪುಣ್ಯಾತ್ಮ ಕೇಳಿದನಂತೆ. 'ಕಾಲಿನಿಂದ' ಎಂಬುದನ್ನು ಹೊಡೆದುಹಾಕಿದರು. ಅಲ್ಲಿಯವರೆಗೆ ತಡೆದಿಟ್ಟಿದ್ದ ಸಮಿತಿಯ ವರದಿ ಅಂದೇ ಸದನಕ್ಕೆ ಹೋಯಿತು. ಅದರಲ್ಲಿ ಹದಿನೇಳನೇ ಕಲಮಿನ ಶ್ಲಾಘನೆಗೆ ಒಂದು ಇಡೀ ಪುಟ ಮೀಸಲು.

ಬೋರ್ಡು ಕಿತ್ತ ದಿನ ನಾನು ಸೇತುವೆಯ ಮೇಲೆ ಹೋಗಿ ನಿಂತಿದ್ದೆ. ಅಕ್ಕ ಆಚೆಯಿಂದ ಚೀಲ ಹಿಡಿದು ಬಂದಳು. ಒಂದು ಐತಿಹಾಸಿಕ ಕ್ಷಣ, ಅವಳು ಏನಾದರೂ ಹೇಳುತ್ತಾಳೆ ಎಂದು ಕಾದೆ. 'ಎಷ್ಟು ಬೆಳೆಸಿದ್ದೀಯೋ ಕೂದ್ಲು, ಬಾ ಅಂಗಡಿಗೆ' ಎಂದು ನನ್ನನ್ನು ದಾಟಿಕೊಂಡು ಹೋದಳು. ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಕತ್ತರಿಸತೊಡಗಿದಳು. ಕನ್ನಡಿಯಲ್ಲಿ ನೋಡಿದೆ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೂದಲು ಹಾರಿ ಕಣ್ಣಿಗೆ ಬಿತ್ತು ಎಂದಳು. ಗಮನಿಸಲಾಗಿದೆ ಎಂದೆ. ತಲೆಗೆ ಬಾಚಣಿಗೆಯಿಂದ ಒಂದು ಬಿತ್ತು. ಅಂದಿನಿಂದ ಅಂಗಡಿಗೆ ಬಂದವರಿಗ್ಯಾರಿಗೂ ಈ ಕಥೆ ಕೇಳದೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲ. 'ನನ್ ತಮ್ಮ, ಇಲ್ಲದಿರೋ ಕಲಮನ್ನ ಇದೆ ಅಂತ ಕೇಳಿ ಸರ್ಕಾರಾನೇ ಹಿಡಿದ್ಹಾಕಿದ' ಎನ್ನುತ್ತಾಳಂತೆ.

ಪತ್ರಿಕೆಗಳೂ ಬರೆದವು. 'ಯುವ ಸದಸ್ಯನ ಚಾಣಾಕ್ಷ ಬಲೆ' ಎಂದು ಒಂದು, 'ಒಂದು ಪ್ರಶ್ನೆ, ಎರಡು ದೇಶ' ಎಂದು ಇನ್ನೊಂದು. ನಾನು ಯಾವುದನ್ನೂ ಅಲ್ಲಗಳೆಯಲಿಲ್ಲ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಸಚೇತಕರು ಕ್ಯಾಂಟೀನಿನಲ್ಲಿ ತಾವಾಗಿಯೇ ಬಂದು, ತಮ್ಮ ನಡಿಗೆಯನ್ನು ಇನ್ನೊಮ್ಮೆ ಮಾಡಿ ತೋರಿಸು ಎಂದರು.

ಹೀಗಿದೆ, ಸಭಿಕರೇ, ಸಮಿತಿಯ ಪಾತ್ರ. ಆದೇಶ ಕೊಡುವಂತಿಲ್ಲ, ಬರೆಯುವಂತಿಲ್ಲ, ತಿದ್ದುವಂತಿಲ್ಲ. ಕೇಳಬಹುದು. ಕೇಳಿ, ಉತ್ತರ ಬರುವವರೆಗೆ ಕಾಯಬಹುದು. ಬಂದ ಉತ್ತರವನ್ನು ಉತ್ತರ ಕೊಟ್ಟವನಿಗೇ ಮತ್ತೆ ಓದಿ ಹೇಳಬಹುದು. ಇಷ್ಟರಿಂದಲೇ ಒಂದು ಸೇತುವೆ ತೆರೆದಿಡಬಹುದೆಂದು ತೋರಿಸಿಕೊಟ್ಟವರು ಡಾಕ್ಟರಮ್ಮ. ಅವರು ಹೊರಟ ಮೇಲೆ ಆ ಕೊಠಡಿಯಲ್ಲಿ ಯಾರು 'ಆರಾಮಾಗಿ ಕೂತಿದ್ದೀರಾ' ಎಂದು ಕೇಳುತ್ತಾರೆ?

ಕೇಳಬೇಕಾದವನು ನಾನೇ ಅಂತೆ. ಇಂದು ಬೆಳಿಗ್ಗೆ ಸಭಾಧ್ಯಕ್ಷರ ಆದೇಶ ಹೊರಬಿದ್ದಿದೆ: ಸಮಿತಿಯ ಮುಂದಿನ ಅಧ್ಯಕ್ಷ, ತಮ್ಮ ಮುಂದೆ ನಿಂತಿರುವ ಈ ಮನುಷ್ಯ. ಚಪ್ಪಾಳೆ ಸ್ವಲ್ಪ ಹೊತ್ತು ಬೇಡ. ಆದೇಶ ಬಂದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದು, ತಮ್ಮ ಮೇಜಿನ ಡ್ರಾಯರುಗಳನ್ನು ಖಾಲಿ ಮಾಡುತ್ತಲೇ ಹೇಳಿದರು: 'ನಿನ್ ಹೆಸರು ಹೇಳಿದ್ದು ನಾನೇ. ನೀನು ಕೀಟಲೆ ಅನ್ನೋದು ಗೊತ್ತು. ಆದ್ರೆ ನನ್ ಬಿಟ್ರೆ ಆ ಒಪ್ಪಂದಾನ ಪೂರ್ತಿ ಓದ್ಕೊಂಡು ಬಂದಿದ್ದವನು ಇಡೀ ಸಮಿತೀಲಿ ನೀನೊಬ್ಬನೇ. ಓದೋವ್ನು ಬೇಕು ಈ ಕುರ್ಚಿಗೆ.'

'ನಿಮ್ಮ ಆಶೀರ್ವಾದ' ಎಂದೆ. ಹೇಳಬೇಕಾಗಿದ್ದ ಇನ್ನೊಂದು ಮಾತು ಬಾಯಿಂದ ಹೊರಗೆ ಬರಲಿಲ್ಲ. ಬೆಳಿಗ್ಗೆಯಿಂದ ಅದು ಅಲ್ಲೇ ಸಿಕ್ಕಿಕೊಂಡಿದೆ. ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡದ್ದು ಎಷ್ಟು ಹಿಂಸೆ ಎಂಬುದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ.

ಇರಲಿ, ಈಗ ವಂದನೆ. ಸಭಾಧ್ಯಕ್ಷರಿಗೆ ವಂದನೆ, ಹೂಗುಚ್ಛಕ್ಕೆ ವಂದನೆ, ಕಾರ್ಯದರ್ಶಿಗಳ ಕೋಟಿಗೆ ವಿಶೇಷ ವಂದನೆ. ಇಷ್ಟು ಹೊತ್ತು ಸಹಿಸಿದ ಸಭಿಕರಿಗೆ, ಹೊರಗೆ ತಣ್ಣಗಾಗುತ್ತಿರುವ ಕಾಫಿಗೆ ವಂದನೆ. ಡಾಕ್ಟರಮ್ಮನವರಿಗೆ ವಂದನೆ ಎಂಬ ಮಾತು ಸಾಲದು, ಆದ್ದರಿಂದ ಅವರಿಗೆ ಅದರ ಬದಲು, ಸಮಿತಿಯ ಪದ್ಧತಿಯಂತೆ, ದಾಖಲೆಗೆ ಒಂದು ಸಣ್ಣ ತಿದ್ದುಪಡಿ ಒಪ್ಪಿಸುತ್ತೇನೆ.

ಅಂದಿನ ಕೊನೆಯ ಸಭೆಗೆ ಕೊಟ್ಟಿದ್ದ ಒಪ್ಪಂದದ ಕಡತವನ್ನು ನಾನು ಬಿಚ್ಚಿರಲಿಲ್ಲ. ಕಚೇರಿಯವರು ಪ್ರಶ್ನೆ ಬರೆದುಕೊಟ್ಟಿದ್ದ ಚೀಟಿಯನ್ನು, ಲಾರಿಗಳ ಚಿತ್ರ ಬರುತ್ತಿದ್ದಾಗ, ರಾಕೆಟ್ ಮಾಡಿ ಪರದೆಯ ಹಿಂದಕ್ಕೆ ಹಾರಿಸಿಬಿಟ್ಟಿದ್ದೆ. ಒಂಬತ್ತನೇ ಕಲಮನ್ನು ಮತ್ತೆ ಕೇಳುವಂತಿರಲಿಲ್ಲ. ನನ್ನ ಪಕ್ಕದ ಕುರ್ಚಿಯ ಹಿರಿಯರು ತಮ್ಮ ಚೀಟಿ ನೋಡಿ ಹದಿನಾರನೇ ಕಲಮಿನ ಬಗ್ಗೆ ಕೇಳಿ ಮೈಕು ಆರಿಸಿದರು, ನನ್ನ ಸರದಿ ಬಂತು, ಎಲ್ಲರೂ ನನ್ನನ್ನು ನೋಡಿದರು. ಹದಿನಾರಾದ ಮೇಲೆ ಹದಿನೇಳು ಬರುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಎಲ್ಲರಿಗೂ ನಮಸ್ಕಾರ.